ಹಾಡಿನ ಖಾತೆ

‘ರಾಗ’ ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥ. ಹಾಡುವವರಿಗೆ ಅದು ಸಂಗೀತದ ರಾಗ. ಶಾಸ್ತ್ರ ಓದುವವರಿಗೆ ಅದು ಮನಸ್ಸಿನ ಅಂಟು. ಜಿನನನ್ನು ವೀತರಾಗನೆಂದು ಕರೆಯುವುದು ಈ ಎರಡನೆಯ ಅರ್ಥದಲ್ಲಿ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಹಾಡುಗಳ ವಿಷಯದಲ್ಲಿ ನನಗೆ ಎರಡೂ ರಾಗಗಳು ಒಟ್ಟಿಗೇ ಹಿಡಿದವು. ನಲವತ್ತು ವರ್ಷ ದಾಟಿದರೂ ಬಿಟ್ಟಿಲ್ಲ. ಈ ಅಂಟಿನಿಂದ ನಾನು ಮಾಡಿದ ಒಂದು ತಪ್ಪನ್ನೂ, ಅಪ್ಪ ಅದಕ್ಕೆ ಹುಡುಕಿದ ಪರಿಹಾರವನ್ನೂ ಓದುಗ ಬಂಧುಗಳ ಮುಂದಿಡುತ್ತಿದ್ದೇನೆ. ಬೆಳೆಯುವ ಮಕ್ಕಳಿರುವ ಮನೆಗಳಿಗೆ ಉಪಯೋಗವಾದೀತು.

ತಿರುಪ್ಪೂರಿನ ದಿನಗಳು

ನಮ್ಮ ತಂದೆ ಹಾಸನ ಜಿಲ್ಲೆಯ ಊರು ಬಿಟ್ಟು ತಿರುಪ್ಪೂರಿಗೆ ಬಂದದ್ದು 1969ರಲ್ಲಿ. ಆಗ ಅದು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪ್ರತ್ಯೇಕ ಜಿಲ್ಲೆಯಾದದ್ದು 2009ರಲ್ಲಿ. ಬನಿಯನ್ ಕಾರ್ಖಾನೆಗಳಿಗೆ ನೂಲು ಕೊಡಿಸುವ ಸಣ್ಣ ವ್ಯಾಪಾರ ನಮ್ಮದು. ಅಂಗಡಿಯಲ್ಲಿ ತಮಿಳು, ದಲ್ಲಾಳಿಗಳೊಡನೆ ಹಿಂದಿ, ಗಿರಣಿಯವರೊಡನೆ ಅರ್ಧ ತೆಲುಗು, ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ ಕನ್ನಡ. ಪಕ್ಕದ ಬೀದಿಯಲ್ಲಿ ನೇಕಾರ ದೇವಾಂಗರ ಮನೆಗಳಿದ್ದವು. ಅವರ ಮನೆಮಾತೂ ಕನ್ನಡವೇ. ಆದರೆ ತಲೆಮಾರುಗಳಿಂದ ಇಲ್ಲೇ ಇದ್ದವರಾದ್ದರಿಂದ ಕನ್ನಡ ಅಕ್ಷರ ಬಾರದು. ಅವರಿಗೂ ನಮಗೂ ಕನ್ನಡ ಸಿಗುತ್ತಿದ್ದದ್ದು ಕಿವಿಯಿಂದ ಮಾತ್ರ.

ಕೊಯಮತ್ತೂರಿಗೂ ಹಾಡಿಗೂ ನಂಟು ಹಳೆಯದು. ಸಿನಿಮಾವೆಲ್ಲ ಮದರಾಸಿನಲ್ಲೇ ಎಂದು ಈಗಿನವರು ತಿಳಿದಿದ್ದಾರೆ. ಇಲ್ಲಿಯ ಸೆಂಟ್ರಲ್ ಸ್ಟುಡಿಯೋ, ಪಕ್ಷಿರಾಜ ಸ್ಟುಡಿಯೋಗಳು ಒಂದು ಕಾಲಕ್ಕೆ ತುಂಬಿ ತುಳುಕುತ್ತಿದ್ದವು. ಎಂ.ಎಸ್. ವಿಶ್ವನಾಥನ್ ಹುಡುಗನಾಗಿ ಎಸ್.ಎಂ. ಸುಬ್ಬಯ್ಯ ನಾಯ್ಡು ಅವರ ಕೈಕೆಳಗೆ ಕೆಲಸ ಕಲಿತದ್ದು ಈ ಊರಿನಲ್ಲೇ. ಪಕ್ಷಿರಾಜದವರು 1954ರಲ್ಲಿ ತೆಗೆದ ‘ಮಲೈಕ್ಕಳ್ಳನ್’ ಕಥೆಯೇ 1955ರಲ್ಲಿ ಹಿಂದಿಯ ‘ಆಜಾದ್’ ಆಯಿತು, 1957ರಲ್ಲಿ ಕನ್ನಡದ ‘ಬೆಟ್ಟದ ಕಳ್ಳ’ ಆಯಿತು. ಇದನ್ನು ಹೇಳಿ ಅಪ್ಪನೆದುರು ವಾದ ಮಾಡುತ್ತಿದ್ದೆ. ಅವರು, “ಸ್ಟುಡಿಯೋದವರು ಹಾಡು ಮಾರಿ ಲಾಭ ಮಾಡಿದರು. ನೀನು ಹಾಡು ಕೇಳಿ ಏನು ಮಾಡಿದೆ?” ಎಂದು ಕೇಳುತ್ತಿದ್ದರು. ನನ್ನ ಬಳಿ ಉತ್ತರವಿರುತ್ತಿರಲಿಲ್ಲ.

ಮಾವ ಮೈಸೂರಿನಿಂದ ಬರುವಾಗ ಒಂದು ಟೇಪ್ ರೆಕಾರ್ಡರ್ ತಂದುಕೊಟ್ಟರು. ಅಲ್ಲಿಂದ ಶುರು. ಆ ಕಾಲದಲ್ಲಿ ರೆಕಾರ್ಡಿಂಗ್ ಅಂಗಡಿಗಳಿದ್ದವು. ಬೇಕಾದ ಹಾಡುಗಳ ಪಟ್ಟಿಯನ್ನು ಚೀಟಿಯಲ್ಲಿ ಬರೆದು ಖಾಲಿ ಕ್ಯಾಸೆಟ್ ಜೊತೆ ಕೊಟ್ಟರೆ ನಾಲ್ಕು ದಿನದಲ್ಲಿ ತುಂಬಿಸಿ ಕೊಡುತ್ತಿದ್ದರು. ಅರವತ್ತು ನಿಮಿಷದ ಕ್ಯಾಸೆಟ್ಟಿನ ಒಂದೊಂದು ಬದಿಗೆ ಆರೇಳು ಹಾಡು. ಯಾವುದರ ನಂತರ ಯಾವುದು ಬರಬೇಕೆಂದು ರಾತ್ರಿಯೆಲ್ಲ ಯೋಚಿಸುತ್ತಿದ್ದೆ. ತಮಿಳು ಹಾಡು ಸುಲಭವಾಗಿ ಸಿಗುತ್ತಿತ್ತು. ಇಳಯರಾಜಾ ಅವರ ಹಾಡಿಲ್ಲದೆ ಇಲ್ಲಿ ರಾತ್ರಿ ಪಾಳಿಯ ಬನಿಯನ್ ಯಂತ್ರ ತಿರುಗುತ್ತಿರಲಿಲ್ಲ, ಪಲ್ಲಡಂ ಕಡೆಯ ಖಾಸಗಿ ಬಸ್ ಹೊರಡುತ್ತಿರಲಿಲ್ಲ! ಕನ್ನಡದ ಕ್ಯಾಸೆಟ್ಟಿಗೆ ಮಾತ್ರ ಬೆಂಗಳೂರಿಗೆ ಹೋಗುವವರ ಕೈಕಾಲು ಹಿಡಿಯಬೇಕಿತ್ತು.

ಬಾಲಸುಬ್ರಹ್ಮಣ್ಯಂ ಅವರೇ ಯಾಕೆ ಎಂದು ಕೇಳುವವರುಂಟು. ಅವರು ನೆಲ್ಲೂರು ಕಡೆಯ ತೆಲುಗರು. ತೆಲುಗು ಸಿನಿಮಾಕ್ಕೆ ಮೊದಲು ಹಾಡಿದ್ದು 1966ರಲ್ಲಿ, ಮರುವರ್ಷ ಕನ್ನಡದ ‘ನಕ್ಕರೆ ಅದೇ ಸ್ವರ್ಗ’ಕ್ಕೆ. ಎಂ.ಜಿ.ಆರ್. ಅವರ ‘ಅಡಿಮೈ ಪೆಣ್’ ಬಂದದ್ದು 1969ರಲ್ಲಿ. ಆರು ಸಲ ರಾಷ್ಟ್ರಪ್ರಶಸ್ತಿ ಬಂತು, ಅದೂ ತೆಲುಗು, ಹಿಂದಿ, ಕನ್ನಡ, ತಮಿಳು ನಾಲ್ಕು ಭಾಷೆಗಳಿಗೆ. ಕನ್ನಡದ್ದು 1995ರ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರಕ್ಕೆ. ಅಂಗಡಿಯಲ್ಲಿ ಒಂದು, ಮನೆಯಲ್ಲಿ ಒಂದು ಭಾಷೆ ಆಡುತ್ತಾ ಎಲ್ಲಿಯವನೂ ಅಲ್ಲ ಎಂದುಕೊಂಡಿದ್ದ ಹುಡುಗನಿಗೆ, ಹೋದ ಕಡೆಯೆಲ್ಲ ಆ ಕಡೆಯವರೇ ಆಗಿಬಿಡುವ ಆ ಗಂಟಲು ದೊಡ್ಡ ಧೈರ್ಯವಾಗಿತ್ತು. ಪರಸ್ಥಳದಲ್ಲಿ ಅಂಗಡಿ ಇಟ್ಟವರಿಗೆ ಇದು ಬೇಗ ಅರ್ಥವಾಗುತ್ತದೆ.

ಹಮಾಲಿ ಹನ್ನೆರಡು ರೂಪಾಯಿ

1987. ಹಂಸಲೇಖ ಅವರ ‘ಪ್ರೇಮಲೋಕ’ದ ಹಾಡುಗಳು ಬಂದ ವರ್ಷ. ನನಗೆ ಇಪ್ಪತ್ತೊಂದು ವಯಸ್ಸು. ಅಂಗಡಿಯ ಕಿರ್ದಿ ಪುಸ್ತಕ ಬರೆಯುವ ಕೆಲಸ ನನ್ನದು. ಕೈಖರ್ಚಿಗೆ ಕೊಡುತ್ತಿದ್ದ ಹಣ ಕ್ಯಾಸೆಟ್ಟಿಗೆ ಸಾಲದಾಯಿತು. ಒಂದು ದಿನ ಗಲ್ಲೆಯಿಂದ ಹನ್ನೆರಡು ರೂಪಾಯಿ ತೆಗೆದು ‘ಹಮಾಲಿ’ ಎಂದು ಬರೆದೆ. ಯಾರೂ ಕೇಳಲಿಲ್ಲ. ಮುಂದಿನ ವಾರ ಹದಿನೆಂಟು. ಆಮೇಲೆ ಲೆಕ್ಕವೇ ತಪ್ಪಿತು.

ನಮ್ಮಲ್ಲಿ ದೀಪಾವಳಿಗೆ ಹಳೆಯ ಪುಸ್ತಕ ಮುಗಿಸಿ, ಮಹಾವೀರ ಸ್ವಾಮಿಯ ನಿರ್ವಾಣ ಪೂಜೆಯಾದ ಮೇಲೆ ಹೊಸತನ್ನು ತೆರೆಯುವುದು ಪದ್ಧತಿ. ಆ ವರ್ಷ ಅಪ್ಪ ಲಾರಿ ರಸೀದಿಗಳನ್ನು ಎದುರಿಗಿಟ್ಟುಕೊಂಡು ಹಮಾಲಿಯ ಬಾಬ್ತನ್ನು ತಾಳೆ ನೋಡಿದರು. ಲಾರಿಯೇ ಬಾರದ ದಿನಗಳಲ್ಲಿ ಹಮಾಲಿ ಬಿದ್ದಿತ್ತು. ಒಟ್ಟು 412 ರೂಪಾಯಿ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ನಮ್ಮ ಅಂಗಡಿಯಲ್ಲಿ ಮೂಟೆ ಹೊರುತ್ತಿದ್ದ ಹಿರಿಯ ಕೂಲಿಯಾಳನ್ನು ಕರೆದು, “ಇಷ್ಟು ಹಣ ನೀನು ತೆಗೆದುಕೊಂಡೆಯಾ?” ಎಂದು ಅಪ್ಪ ಕೇಳಿದರು. ಆತ ಮಾತಾಡದೆ ನಿಂತ. ಆ ನಿಂತ ರೀತಿ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದೆ. ನಾನು ಎದ್ದು ಒಪ್ಪಿಕೊಂಡೆ.

ಅಪ್ಪ ಹೊಡೆಯಲಿಲ್ಲ. ಟೇಪ್ ರೆಕಾರ್ಡರನ್ನೂ ಒಡೆಯಲಿಲ್ಲ. ಮೊದಲು ಆ ಹಿರಿಯರ ಮುಂದೆ ತಾವೇ ಕೈಮುಗಿದು ಕ್ಷಮೆ ಕೇಳಿದರು, ನನ್ನಿಂದಲೂ ಕೇಳಿಸಿದರು. ರಾತ್ರಿ ಊಟವಾದ ಮೇಲೆ ಹೇಳಿದರು: “ಹಾಡು ಕೇಳಿದ್ದು ತಪ್ಪಲ್ಲ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖ ಕ್ರಿಯೆ ಅಂತ ಒಂದಿದೆ. ಸುಳ್ಳು ಬರಹ. ಅದೇಕೆ ಅದನ್ನು ಬೇರೆಯಾಗಿ ಹೇಳಿದ್ದಾರೆ ಅಂತ ಈಗ ಗೊತ್ತಾಯಿತಲ್ಲ? ವ್ಯಾಪಾರಸ್ಥನ ಸುಳ್ಳು ಬಾಯಲ್ಲಿ ಇರುವುದಿಲ್ಲ, ಪುಸ್ತಕದಲ್ಲಿರುತ್ತದೆ. ಅದು ಇನ್ನೊಬ್ಬನ ತಲೆಯ ಮೇಲೆ ಬೀಳುತ್ತದೆ.”

ಹೊಸ ಪುಸ್ತಕದಲ್ಲಿ ಅಪ್ಪ ತಮ್ಮ ಕೈಯಿಂದಲೇ ಒಂದು ಪುಟಕ್ಕೆ ‘ಹಾಡಿನ ಖಾತೆ’ ಎಂದು ಹೆಸರಿಟ್ಟರು. ತಿಂಗಳಿಗೆ ನಲವತ್ತು ರೂಪಾಯಿ. 412 ರೂಪಾಯಿ ಅದರಿಂದಲೇ ತೀರಬೇಕು, ತೀರಿದ ಮೇಲೆ ಹೊಸ ಕ್ಯಾಸೆಟ್. ಹತ್ತು ತಿಂಗಳ ಮೇಲಾಯಿತು. ಆ ಹತ್ತು ತಿಂಗಳು ಹಳೆಯ ಕ್ಯಾಸೆಟ್ಟುಗಳನ್ನೇ ತಿರುಗಿಸಿ ತಿರುಗಿಸಿ ಕೇಳಿದೆ. ಟೇಪು ಸಿಕ್ಕಿಕೊಂಡರೆ ಪೆನ್ಸಿಲಿನಿಂದ ಸುತ್ತಿ ಸರಿಪಡಿಸಿದೆ. ಹಾಡು ನಿಜವಾಗಿ ಕಿವಿಗೆ ಬಿದ್ದದ್ದು ಆಗಲೇ. ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಎಲ್ಲಿ ನಗುತ್ತಾ ಹಾಡುತ್ತಾರೆ ಎಂಬುದೆಲ್ಲ ತಿಳಿಯಿತು.

ನೂರೈವತ್ತರ ಮಿತಿ

ಮದುವೆಯಾದ ಮೇಲೆ ಪರಿಗ್ರಹ ಪರಿಮಾಣ ವ್ರತ ತೆಗೆದುಕೊಂಡಾಗ ಹೊಲ, ಮನೆ, ಚಿನ್ನದ ಜೊತೆ ಕ್ಯಾಸೆಟ್ಟನ್ನೂ ಸೇರಿಸಿದೆ: ನೂರೈವತ್ತು. ಹೆಂಡತಿ ನಕ್ಕಳು. ಆದರೆ ನನಗೆ ಚಿನ್ನಕ್ಕಿಂತ ಈ ಮಿತಿಯೇ ಕಷ್ಟವಾಗಿತ್ತು. ಹೊಸದೊಂದು ಬಂದರೆ ಹಳೆಯದೊಂದು ಹೋಗಬೇಕು. ಹೀಗೆ ಹೋದವು ದೇವಾಂಗರ ಬೀದಿಗೆ, ಕಾರ್ಖಾನೆಯ ರಾತ್ರಿ ಪಾಳಿಯವರಿಗೆ. ನನ್ನ ಕಪಾಟಿನಲ್ಲಿದ್ದರೆ ಒಬ್ಬ ಕೇಳುತ್ತಿದ್ದ ಹಾಡನ್ನು ಅಲ್ಲಿ ಮೂವತ್ತು ಜನ ಕೇಳಿದರು.

ಇನ್ನೊಂದು ಮಿತಿಯೂ ಹಾಕಿಕೊಂಡೆ. ಸಿನಿಮಾ ಧಾಟಿಗೆ ಜಿನಸ್ತವನ ಹಾಡುವುದು ನಮ್ಮ ಸಮಾಜದಲ್ಲಿ ಬಹಳ ಕಡೆ ಇದೆ. ಮಕ್ಕಳು ಬೇಗ ಕಲಿಯುತ್ತಾರೆ ಎಂಬ ಅನುಕೂಲವೂ ಉಂಟು. ಆದರೆ ನನ್ನಂಥ ಅಭಿಮಾನಿಗೆ ಬಸದಿಯಲ್ಲಿ ಆ ಧಾಟಿ ಕಿವಿಗೆ ಬಿದ್ದೊಡನೆ ಕಣ್ಣೆದುರು ಬರುವುದು ನಾಯಕ ನಾಯಕಿಯರೇ. ಸ್ತವನವೂ ಉಳಿಯುವುದಿಲ್ಲ, ಹಾಡೂ ಉಳಿಯುವುದಿಲ್ಲ. ಆದ್ದರಿಂದ ನಮ್ಮ ಮನೆಯಲ್ಲಿ ಸ್ತವನಕ್ಕೆ ಅಜ್ಜಿ ಹೇಳುತ್ತಿದ್ದ ಹಳೆಯ ಧಾಟಿ, ಹಾಡಿಗೆ ಹಾಡಿನ ಧಾಟಿ. ಎರಡಕ್ಕೂ ಗೌರವ ಉಳಿದಿದೆ.

2020ರ ಆಗಸ್ಟ್

ಆ ವರ್ಷ ಆಗಸ್ಟ್ 5ರಂದು ಬಾಲಸುಬ್ರಹ್ಮಣ್ಯಂ ಕೊರೋನಾದಿಂದ ಚೆನ್ನೈಯಲ್ಲಿ ಆಸ್ಪತ್ರೆ ಸೇರಿದರು. 20ರಂದು ಸಂಜೆ ಆರಕ್ಕೆ ಅವರಿಗಾಗಿ ಎಲ್ಲೆಡೆ ಪ್ರಾರ್ಥನೆ ಮಾಡಿ, ಅವರ ಹಾಡು ಕೇಳಬೇಕೆಂದು ಚಿತ್ರರಂಗದವರು ಕರೆ ಕೊಟ್ಟರು. ನೆರೆಯ ಶ್ವೇತಾಂಬರ ಬಂಧುಗಳಿಗೆ ಆಗ ಪರ್ಯೂಷಣ. ನಮಗೆ ದಶಲಕ್ಷಣ ಪರ್ವಕ್ಕೆ ಮೂರು ದಿನವಿತ್ತು. ಅಂಗಡಿ ಬಾಗಿಲು ಅರ್ಧ ತೆರೆದಿತ್ತು, ವ್ಯಾಪಾರವಿರಲಿಲ್ಲ. ಎಂಬತ್ತೆರಡರ ಅಪ್ಪ ತಾವಾಗಿಯೇ ಣಮೋಕಾರ ಹೇಳಿ, “ಈಗ ಅವನ ಹಾಡು ಹಾಕು” ಎಂದರು. ಅಷ್ಟು ವರ್ಷದಲ್ಲಿ ಅವರು ಹಾಡು ಹಾಕು ಎಂದದ್ದು ಅದೊಂದೇ ಸಲ.

ಸೆಪ್ಟೆಂಬರ್ 25ರಂದು ಮಧ್ಯಾಹ್ನ ಸುದ್ದಿ ಬಂತು. ಅವರಿಗೆ 74 ವರ್ಷ. ಸಂಜೆ ಅಪ್ಪ ಖಾತೆ ಪುಸ್ತಕ ತರಿಸಿ, ಹಾಡಿನ ಖಾತೆಯಲ್ಲಿ ಎಷ್ಟು ಉಳಿದಿದೆ ಎಂದು ಕೇಳಿದರು. ಕ್ಯಾಸೆಟ್ ಕಾಲ ಮುಗಿದ ಮೇಲೆ ಖರ್ಚು ಕಡಿಮೆಯಾಗಿ ಹದಿನೆಂಟು ಸಾವಿರದಷ್ಟು ಸೇರಿತ್ತು. ಆ ದಿನಗಳಲ್ಲಿ ಮದುವೆ, ಜಾತ್ರೆಗಳಿಲ್ಲದೆ ವಾದ್ಯಗೋಷ್ಠಿಯ ಕಲಾವಿದರು ಬಹಳ ಕಷ್ಟದಲ್ಲಿದ್ದರು. ಕೊಯಮತ್ತೂರಿನ ಒಂದು ಗೋಷ್ಠಿಯಲ್ಲಿ ಕೀಬೋರ್ಡ್ ನುಡಿಸುತ್ತಿದ್ದವರೊಬ್ಬರು ತರಕಾರಿ ಮಾರುತ್ತಿದ್ದುದು ನನಗೆ ಗೊತ್ತಿತ್ತು. ಹಣ ಅವರಿಗೂ ಅವರ ಜೊತೆಯವರಿಗೂ ಹೋಯಿತು. ಪುಸ್ತಕದಲ್ಲಿ ಅಪ್ಪ ‘ದಾನ’ ಎಂದು ಬರೆಯಲು ಬಿಡಲಿಲ್ಲ. “ಕೊಡಬೇಕಾದ ಬಾಕಿ ಅಂತ ಬರೆ” ಎಂದರು.

ಅಪ್ಪ ಈಗಿಲ್ಲ. ಖಾತೆ ನಡೆಯುತ್ತಿದೆ. ನನ್ನ ತಮ್ಮನ ಮಗಳಿಗೆ ಕೊರಿಯಾದ ಬಿ.ಟಿ.ಎಸ್. ತಂಡದ ಹುಚ್ಚು. ಏಳು ಜನರ ಹೆಸರನ್ನೂ ಚತುರ್ವಿಂಶತಿ ತೀರ್ಥಂಕರರ ಹೆಸರಿನಷ್ಟೇ ಸಲೀಸಾಗಿ ಹೇಳುತ್ತಾಳೆ ಎಂದು ನಾದಿನಿಗೆ ಸಿಟ್ಟು. ಫೋನಿನಲ್ಲಿ ಹಾಡಿಗೆ ಕಪಾಟಿನ ಮಿತಿಯೂ ಇಲ್ಲ. ಹೋದ ದೀಪಾವಳಿಗೆ ನಾನು ಅವಳ ಹೆಸರಿನಲ್ಲೊಂದು ಹಾಡಿನ ಖಾತೆ ತೆರೆದೆ. ಹಣದ ಜೊತೆ ಹೊತ್ತಿಗೂ ಒಂದು ಸಾಲು ಹಾಕಿದೆ: ದಿನಕ್ಕೆ ನಲವತ್ತೆಂಟು ನಿಮಿಷ, ಒಂದು ಸಾಮಾಯಿಕದಷ್ಟು. ಮೊದಲ ವಾರದ ಪುಟ ನೋಡಿದೆ. ‘ಮಂಗಳವಾರ 48’ ಎಂದು ಬರೆದು, ಹೊಡೆದುಹಾಕಿ, ಪಕ್ಕದಲ್ಲಿ ‘110’ ಎಂದು ಬರೆದಿದ್ದಳು.

ನಾನು ಏನೂ ಹೇಳಲಿಲ್ಲ. ಆ ಪುಟ ನೋಡಲು ಅಪ್ಪ ಇರಬೇಕಿತ್ತು ಎನಿಸಿತು.