‘ವರ್ಕ್’ ಎಂಬ ಕ್ರಿಯಾಪದ

ಇಂಗ್ಲಿಷಿನ ‘ವರ್ಕ್’ ಎಂದರೆ ದುಡಿ. ಯಂತ್ರ ನಡೆಯುವುದಕ್ಕೂ ಔಷಧ ಫಲಿಸುವುದಕ್ಕೂ ಅದೇ ಮಾತು. ಗ್ರೀಕಿನ ‘ಎರ್ಗಾನ್’ ಅದರ ದಾಯಾದಿ. ‘ಎನರ್ಜಿ’, ‘ಎರ್ಗ್’ ಪದಗಳು ಹುಟ್ಟಿದುದು ಈ ಎರ್ಗಾನಿನಿಂದಲೇ. 1829ರಲ್ಲಿ ಫ್ರಾನ್ಸಿನ ಕೊರಿಯೊಲಿಸನು ಇದೇ ಅರ್ಥದ ಫ್ರೆಂಚ್ ಪದವನ್ನು ಭೌತಶಾಸ್ತ್ರಕ್ಕೆ ತಂದನು: ಬಲವನ್ನು, ಅದರ ದಿಕ್ಕಿನಲ್ಲಿ ವಸ್ತು ಸರಿದ ದೂರದಿಂದ ಗುಣಿಸಿದರೆ ಬರುವುದೇ ಕೆಲಸ.

20 ಕಿಲೋಗ್ರಾಂ ಮೂಟೆಯನ್ನು 1.5 ಮೀಟರ್ ಎತ್ತಿದ ಹಮಾಲಿಯು ಸುಮಾರು 294 ಜೂಲ್ ಕೆಲಸ ಮಾಡಿದಂತಾಯಿತು. ಅದನ್ನು ಹೊತ್ತು ಒಂದು ಗಂಟೆ ಅಲುಗದೆ ನಿಂತರೆ ಮೂಟೆಯ ಮೇಲೆ ನಡೆದ ಕೆಲಸ ಸೊನ್ನೆ! ಹಾಗಾದರೆ ಅವನ ಬೆವರು ಸುಳ್ಳೇ? ಅಲ್ಲ. ಬಿಗಿತವನ್ನು ಕಾಯ್ದುಕೊಳ್ಳಲು ಸ್ನಾಯುಗಳು ಎಡೆಬಿಡದೆ ರಾಸಾಯನಿಕ ಶಕ್ತಿಯನ್ನು ವ್ಯಯಿಸುತ್ತವೆ, ಅದು ಶಾಖವಾಗುತ್ತದೆ. ಆದುದರಿಂದ ವಿದ್ಯಾರ್ಥಿಗಳೇ, ಆ ಸೊನ್ನೆ ಮೂಟೆಯ ಲೆಕ್ಕ. ಹಮಾಲಿಯ ಕೂಲಿಯ ಲೆಕ್ಕವಲ್ಲ.