ಗೇಟಿನ ಕ್ಯಾಮೆರಾ ‘ಆಫ್‌ಲೈನ್’ ಅಂತಿದೆಯಾ?

ಊರಿಗೆ ಹೋದಾಗಲೇ ಮನೆ ಕ್ಯಾಮೆರಾ ‘ಆಫ್‌ಲೈನ್’ ಅನ್ನೋದು, ಅಲ್ವಾ? ತಾಳಿ, ಕ್ಯಾಮೆರಾನ ಬೈಬೇಡಿ. ಮೊದಲು ಪಕ್ಕದ ಮನೆಯವರಿಗೆ ಫೋನ್ ಮಾಡಿ, ಕರೆಂಟ್ ಇದೆಯಾ ಅಂತ ಕೇಳಿ. ನಗಬೇಡಿ, ಎಷ್ಟೋ ಸಲ ಕಾಯಿಲೆ ಅಷ್ಟೇ.

ಹೊಸ ರೌಟರ್ ಹಾಕಿಸಿದ್ರಾ? ವೈಫೈ ಪಾಸ್‌ವರ್ಡ್ ಬದಲಾಯಿಸಿದ್ರಾ? ಕ್ಯಾಮೆರಾಗೆ ಅದನ್ನ ಯಾರೂ ಹೇಳಿಲ್ಲ. ಆ್ಯಪ್‌ನಲ್ಲಿ ಮತ್ತೆ ಸೇರಿಸಬೇಕು. ಅಲ್ಲೇ ಇರೋದು ತೊಡಕು. ಮನೆಗೆ ಹಾಕೋ ವೈಫೈ ಕ್ಯಾಮೆರಾಗಳಲ್ಲಿ ಬಹಳಷ್ಟಕ್ಕೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು. ಈಗಿನ ಎಷ್ಟೋ ರೌಟರ್‌ಗಳು 2.4, 5 ಎರಡನ್ನೂ ಒಂದೇ ಹೆಸರಲ್ಲಿ ಬಿಡ್ತವೆ. ಕೆಲವು ಕ್ಯಾಮೆರಾ ಇದಕ್ಕೇ ತಬ್ಬಿಬ್ಬಾಗುತ್ತೆ. ರೌಟರ್ ಸೆಟ್ಟಿಂಗ್ಸ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಡಿ, ಫೋನನ್ನೂ 2.4ಕ್ಕೇ ಹಾಕಿ, ಆಮೇಲೆ ಸೇರಿಸಿ.

ಚಿತ್ರ ನಿಂತು ನಿಂತು ಬರುತ್ತಾ? ಸ್ಪೀಡ್ ಟೆಸ್ಟ್‌ನಲ್ಲಿ ಡೌನ್‌ಲೋಡ್ ನೋಡಿ ಹಿಗ್ಗಬೇಡಿ. ಕ್ಯಾಮೆರಾಗೆ ಬೇಕಿರೋದು ಅಪ್‌ಲೋಡ್. ಅದನ್ನೂ ಸೋಫಾ ಮೇಲೆ ಕೂತಲ್ಲ, ಗೇಟಿನ ಹತ್ರ ನಿಂತು ನೋಡಿ. ಕಾಂಕ್ರೀಟ್ ಗೋಡೆ, ಕಬ್ಬಿಣದ ಶಟರ್ ಸಿಗ್ನಲ್ ನುಂಗ್ತವೆ. ರೌಟರನ್ನ ಟಿವಿ ಹಿಂದಿನಿಂದ ಈಚೆ ತೆಗೆದು ಎತ್ತರಕ್ಕಿಡಿ.

ಮೆಮೊರಿ ಕಾರ್ಡ್‌ಗೆ ಜಾಗ ಇದ್ರೆ ಒಂದು ಹಾಕಿಬಿಡಿ. ಕರೆಂಟ್ ಇರೋವರೆಗೆ, ನೆಟ್ ಹೋದ್ರೂ ಹೆಚ್ಚಿನ ಕ್ಯಾಮೆರಾಗಳು ಅದರಲ್ಲಿ ರೆಕಾರ್ಡ್ ಮಾಡ್ತಾನೇ ಇರ್ತವೆ.