ಚೀಟಿಯ ಮೇಲಿನ ಮುಖ

ಸಂತೆಯಲ್ಲಿ ಮಾರುವ ತಿನಿಸಿಗೆ ಚೀಟಿ ಬೇಕಾಗುವುದಿಲ್ಲ. ಮಾರುವವಳ ಮುಖವೇ ಅದರ ಚೀಟಿ. ‘ಎಂದು ಮಾಡಿದ್ದು?’ ಎಂದು ಕೇಳಬಹುದು, ಒಂದು ಚೂರು ಮುರಿದು ಬಾಯಿಗೆ ಹಾಕಿಕೊಳ್ಳಬಹುದು, ರುಚಿ ಕೆಟ್ಟಿದ್ದರೆ ಮುಂದಿನ ವಾರ ಬಂದು ಜಗಳವನ್ನೂ ಆಡಬಹುದು. ಅದೇ ತಿನಿಸು ಊರು ಬಿಟ್ಟು ಹೊರಟಿತೆಂದರೆ ಮಾಡಿದವಳು ಹಿಂದೆ ಉಳಿಯುತ್ತಾಳೆ. ಅವಳ ಪರವಾಗಿ ಮಾತನಾಡುವ ಭಾರ ಹೊದಿಕೆಯ ಮೇಲೆ ಬೀಳುತ್ತದೆ. ಈ ಮಾತು ನನಗೆ ಮನದಟ್ಟಾದದ್ದು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿಯಲ್ಲಿ, ನಮ್ಮ ಚಿಗವ್ವನ ಪಡಸಾಲೆಯಲ್ಲಿ.

ಚಿಗವ್ವ ಜೋಳದ ಕಡಕ್ ರೊಟ್ಟಿ ತಟ್ಟಿ ಮಾರುತ್ತಾಳೆ. ಜೊತೆಗೆ ಶೇಂಗಾ ಚಟ್ನಿಪುಡಿ. ನಗರದ ವ್ಯಾಪಾರಿಯೊಬ್ಬ ಅವನ್ನು ನೂರರ ಲೆಕ್ಕದಲ್ಲಿ ಕೊಂಡೊಯ್ಯುತ್ತಿದ್ದ. ಒಮ್ಮೆ ರಜೆಗೆ ಬಂದ ಮೊಮ್ಮಗಳು ಆ ನಗರದ ಅಂಗಡಿಯಲ್ಲಿ ಕೊಂಡ ಪೊಟ್ಟಣವೊಂದನ್ನು ಅಜ್ಜಿಯ ಮುಂದಿಟ್ಟಳಂತೆ. ಬಿಚ್ಚಿದರೆ ಒಳಗಿದ್ದುದು ಚಿಗವ್ವನದೇ ರೊಟ್ಟಿ. ಹೊದಿಕೆಯ ಮೇಲೆ ಯಾವುದೋ ದೊಡ್ಡ ಹೆಸರು. ಅದರ ಕೆಳಗೆ ಕುಂಕುಮವಿಟ್ಟು ನಗುತ್ತಿರುವ ಅಪರಿಚಿತ ಮುದುಕಿಯ ಚಿತ್ರ. ಆ ಹೊದಿಕೆಯನ್ನು ಚಿಗವ್ವ ಮಡಿಸಿ ಜೋಪಾನವಾಗಿ ಇಟ್ಟುಕೊಂಡಿದ್ದಳು. ನಾನು ಹೋದಾಗ ಅದನ್ನು ಬಿಡಿಸಿ ತೋರಿಸಿ, ‘ರೊಟ್ಟಿ ನಂದು, ಮಾರಿ ಮಾತ್ರ ಈಕೀದು. ಯಾರಪಾ ಈಕಿ?’ ಎಂದಳು. ನಗುತ್ತಲೇ ಹೇಳಿದಳಾದರೂ ಆ ನಗೆ ಬಹಳ ಹೊತ್ತು ನಿಲ್ಲಲಿಲ್ಲ. ‘ನೀ ಸಾಲಿ ಕಲಿತಾಂವ, ನನಗೊಂದು ಚೀಟಿ ಬರದು ಕೊಡು’ ಎಂದಳು.

ಕಟ್ಟಿಡುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಮೈಲಾರದ ಜಾತ್ರೆಗೆ, ಕೊಟ್ಟೂರಿನ ತೇರಿಗೆ ಹೊರಟವರ ಬುತ್ತಿಯನ್ನು ನೆನೆಯಿರಿ. ರೊಟ್ಟಿಗೆ ಶತ್ರುಗಳು ಎರಡು: ತೇವ ಮತ್ತು ಪೆಟ್ಟು. ಆದ್ದರಿಂದ ಅದನ್ನು ಗರಿಗರಿಯಾಗುವಂತೆ ಒಣಗಿಸಿ, ಒತ್ತಾಗಿ ಜೋಡಿಸಿ, ಅಲುಗದಂತೆ ಬಟ್ಟೆಯಲ್ಲಿ ಕಟ್ಟುತ್ತಿದ್ದರು. ಚಟ್ನಿಪುಡಿಯ ಶತ್ರುಗಳು ಬೇರೆ. ಗಾಳಿ ಬೆಳಕುಗಳು ತಗುಲಿದರೆ ಶೇಂಗಾದ ಎಣ್ಣೆ ಕಮಟು ಹಿಡಿಯುತ್ತದೆ. ಒಳಗಿನದು ಕಾಣಲೆಂದು ಬಳಸುವ ಪಾರದರ್ಶಕ ಚೀಲ ರೊಟ್ಟಿಗೆ ಒಪ್ಪೀತು, ಪುಡಿಗೆ ಒಪ್ಪದು. ಹೊದಿಕೆಯ ಅಂದವನ್ನು ಯೋಚಿಸುವ ಮೊದಲು ತಿನಿಸಿನ ಸ್ವಭಾವವನ್ನು ಅರಿಯಬೇಕು.

ಇನ್ನು ಚೀಟಿಯ ಮಾತು. 2006ರ ಆಹಾರ ಸುರಕ್ಷತಾ ಕಾಯಿದೆಯೂ ಅದರ ನಿಯಮಗಳೂ ಪೊಟ್ಟಣದ ಮೇಲೆ ಏನೇನಿರಬೇಕೆಂದು ವಿಧಿಸಿವೆ: ತಿನಿಸಿನ ಹೆಸರು, ಬಳಸಿದ ಪದಾರ್ಥಗಳು, ನಿವ್ವಳ ತೂಕ, ತಯಾರಾದ ದಿನ, ಎಂದಿನವರೆಗೆ ತಿನ್ನಬಹುದು ಎಂಬುದು, ಹೊಣೆಗಾರರ ವಿಳಾಸ, 14 ಅಂಕಿಗಳ ಪರವಾನಗಿ ಅಥವಾ ನೋಂದಣಿ ಸಂಖ್ಯೆ, ಸಸ್ಯಾಹಾರವಾದರೆ ಹಸಿರು ಚೌಕದೊಳಗೆ ಹಸಿರು ಚುಕ್ಕಿ. ಗೃಹಕೈಗಾರಿಕೆಯವರಿಗೂ ನೋಂದಣಿಯ ಅವಕಾಶವುಂಟು. ಕೊಳ್ಳುವವನ ಹೊಟ್ಟೆಯನ್ನು ಕಾಯಲು ಇವೆಲ್ಲ ಬೇಕು. ಆದರೆ ತಟ್ಟಿದ ಕೈ ಯಾರದೆಂದು ಕಾಯಿದೆ ಕೇಳುವುದಿಲ್ಲ.

ಆ ಪ್ರಶ್ನೆಗೆ ನಮ್ಮ ನಾಡು ಕಂಡುಕೊಂಡ ಉತ್ತರಗಳಲ್ಲಿ ಒಂದು, ಊರಿನ ಹೆಸರು. ಧಾರವಾಡದ ಪೇಡೆಯನ್ನು ಪ್ರಸಿದ್ಧಿಗೆ ತಂದುದು ಉತ್ತರದ ಉನ್ನಾವ್‌ನಿಂದ ವಲಸೆ ಬಂದ ಠಾಕೂರ್ ಮನೆತನ. ಆದರೂ ಪೇಡೆ ಧಾರವಾಡದ್ದೇ ಆಯಿತು. 1999ರ ಭೌಗೋಳಿಕ ಸೂಚಕಗಳ ಕಾಯಿದೆಯಡಿ ಅದಕ್ಕೆ ರಕ್ಷಣೆಯೂ ದೊರೆಯಿತು. ತಿನಿಸಲ್ಲದಿದ್ದರೂ ನಮ್ಮ ನೆರೆಯ ಹಡಗಲಿಯ ಮಲ್ಲಿಗೆಗೂ ಅದೇ ಮನ್ನಣೆಯಿದೆ. ಇತ್ತೀಚೆಗೆ ಕಲಬುರಗಿಯ ಜಿಲ್ಲಾಡಳಿತವು ಮಹಿಳಾ ಸಂಘಗಳು ಮಾಡುವ ಜೋಳದ ರೊಟ್ಟಿಯನ್ನು ‘ಕಲಬುರಗಿ ರೊಟ್ಟಿ’ ಎಂಬ ಒಂದೇ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಒಬ್ಬಳ ಹೆಸರು ದೂರ ಕೇಳಿಸದಿದ್ದಲ್ಲಿ ಹಲವರ ಊರು ಕೇಳಿಸುತ್ತದೆ.

ಇಷ್ಟೆಲ್ಲ ಯೋಚಿಸಿ ನಾನು ಚೀಟಿ ಬರೆಯಲು ಕುಳಿತೆ. ಸಾಹಿತ್ಯದ ಚಪಲ ಬಿಡಬೇಕಲ್ಲ! ‘ಅಮೃತಸಮಾನವಾದ ರೊಟ್ಟಿ’ ಎಂದು ಬರೆದು ಓದಿ ಹೇಳಿದೆ. ಚಿಗವ್ವ ತಲೆಯಾಡಿಸಿದಳು. ‘ಅಮೃತ ಯಾರು ಉಂಡಾರ? ಜ್ವಾಳ ಅಂತ ಬರಿ.’ ಹಾಗಾದರೆ ನಿನ್ನ ಚಿತ್ರ ಹಾಕಿಸೋಣವೇ ಎಂದೆ. ‘ಮಾರಿ ಬ್ಯಾಡ, ಊರು ಬರಿ, ನನ್ನ ಹೆಸರು ಬರಿ. ಕೆಟ್ಟಿದ್ರ ಬೈಯಾಕರ ಹುಡುಕ್ಕೊಂಡು ಬರಲಿ.’

ನಾನು ಹಿಂದಿನ ಸಾಲನ್ನು ಹೊಡೆದುಹಾಕಿದೆ. ‘ತಂಬ್ರಹಳ್ಳಿಯ ಜೋಳದ ಕಡಕ್ ರೊಟ್ಟಿ’ ಎಂದು ಬರೆದು, ಅದರ ಕೆಳಗೆ ಅವಳ ಹೆಸರನ್ನು ಬರೆದೆ. ಓದು ಬಾರದ ಚಿಗವ್ವ ಹೆಸರಿದ್ದ ಕಡೆ ಬೆರಳಿಟ್ಟು, ‘ಇದೇನು?’ ಎಂದು ಕೇಳಿದಳು. ಹೌದೆಂದೆ. ಹಿಟ್ಟಿನ ಕೈ ತಗುಲೀತೆಂದು ಕೂಡಲೇ ಬೆರಳನ್ನು ಹಿಂದೆಗೆದುಕೊಂಡಳು.